ಮೊದಲಿನ ಹಾಗಿಲ್ಲ
(ಬಾನುಲಿ ಭಾಷಣ)



ದಾವಣಗೆರೆಯ ವಿನೋಬನಗರದಲ್ಲಿರುವ ನಮ್ಮ ಮನೆಯ ಮಹಡಿಯ ಮೇಲೆ ಒಂದು ಚಿಕ್ಕ ಕೋಣೆಯಿದೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಕಾಲದಲ್ಲಿ ಅದು ನನ್ನ ಓದಿನ ಕೋಣೆ. ಮೊಣಕಾಲುಗಳು ಮೆಟ್ಟಿಲು ಹತ್ತಲು ಒಲ್ಲೆವೆಂದ ಮೇಲೆ ಅದು ಮೊಮ್ಮಗನ ವಶವಾಯಿತು. ಪುಸ್ತಕಗಳು ಮಾತ್ರ ಅಲ್ಲಿಯೇ ಉಳಿದವು. ೨೦೨೫ರ ಮಳೆಗಾಲದ ಒಂದು ಸಂಜೆ ಆ ಕೋಣೆಯಿಂದ ನಾಲ್ಕೈದು ಎಳೆಯ ಕಂಠಗಳು ಒಮ್ಮೆಲೇ ಎದ್ದು ಕೆಳಗಿನ ಪಡಸಾಲೆಯವರೆಗೆ ಬಂದವು. ಜಗಳವೇ ಇರಬೇಕೆಂದು ಹೆದರಿ, ಮಂಡಕ್ಕಿ ಮೆಣಸಿನಕಾಯಿಯ ತಟ್ಟೆ ಮುಟ್ಟಿಸುವ ನೆಪದಿಂದ, ಕಂಬಿ ಹಿಡಿದುಕೊಂಡು ಮೇಲೇರಿ ಹೋದೆ. ಹೋಗಿ ನೋಡಿದರೆ ಅದು ಜಗಳವಲ್ಲ, ವಿಮರ್ಶೆ.

"ಮೊದಲಿನ ಹಾಗಿಲ್ಲ ಬಿಡು. ಅದ್ರಾಗಿದ್ದ ಬೆಂಕಿ ಇದ್ರಾಗೆ ಎಲ್ಲೈತೆ?" ಎಂದು ಒಬ್ಬ. "ಚೆಂಡೆ ಬಡಿಸಿದ್ದೆಲ್ಲ ಹೊರದೇಶದವ್ರಿಗೆ ತೋರ್ಸಾಕೆ," ಎಂದು ಇನ್ನೊಬ್ಬ. ನನ್ನ ಮಗಳ ಮಗಳು ಇಬ್ಬರನ್ನೂ ತಡೆದು, "ಅದನ್ನೇ ಇನ್ನೊಂದ್ಸಲ ಮಾಡಿದ್ದಿದ್ರೆ ಬರೀ ಅದೇ ಅಂತಿದ್ರಿ, ಬೇರೆ ಮಾಡಿದ್ರೆ ಕೆಟ್ಟ ಅಂತೀರಿ. ನಿಮ್ಮ ಕೈಗೆ ಸಿಕ್ಕೋನು ಏನು ಮಾಡ್ಬೇಕು?" ಎಂದು ಕೇಳುತ್ತಿದ್ದಳು. ಮೂಲೆಯಲ್ಲಿ ಕುಳಿತಿದ್ದ ನಾಲ್ಕನೆಯವನು ಮಾತ್ರ, "ನಮ್ಮೂರ ಮಾತ್ನಾಗೆ ಹಿಂಗೆ ಯಾವಾಗ ಬರ್ತದೋ," ಎಂದು ತನಗೆ ತಾನೇ ಅಂದುಕೊಂಡ. ನಲವತ್ತು ವರ್ಷ ಸಾಹಿತ್ಯ ವಿಮರ್ಶೆಯ ತರಗತಿಗಳನ್ನು ನಡೆಸಿದ ನನಗೆ ಆ ನಾಲ್ಕೂ ಮಾತುಗಳು ಪರಿಚಿತವೆನಿಸಿದವು. ಅವನ್ನು ನಾನೂ ಆಡಿದ್ದೆ. ಒಂದು ಸಲ ಅಚ್ಚಿನಲ್ಲಿಯೂ ಆಡಿದ್ದೆ. ಆ ಸಂಗತಿಗೆ ಆಮೇಲೆ ಬರುತ್ತೇನೆ.

ಅವರು ವಾದಿಸುತ್ತಿದ್ದುದು ಹನುಮಾನ್‌ಕೈಂಡ್ ಎಂಬ ಹೆಸರಿನಿಂದ ಪ್ರಸಿದ್ಧರಾದ ರ‍್ಯಾಪ್ ಗಾಯಕರ ಕುರಿತು. ನಿಜನಾಮ ಸೂರಜ್ ಚೆರುಕಾಟ್. ಹುಟ್ಟು ಕೇರಳದ ಮಲಪ್ಪುರಂ ಜಿಲ್ಲೆ. ಬೆಳೆದದ್ದು ಬಹುಮಟ್ಟಿಗೆ ಅಮೆರಿಕೆಯ ದಕ್ಷಿಣ ಭಾಗದ ಹ್ಯೂಸ್ಟನ್ ನಗರದಲ್ಲಿ. ಹರೆಯದಲ್ಲಿ ಭಾರತಕ್ಕೆ ಮರಳಿ, ಬೆಂಗಳೂರಿನಲ್ಲಿ ಕಚೇರಿಯ ಉದ್ಯೋಗ ಹಿಡಿದು, ಅದನ್ನು ಬಿಟ್ಟು ಹಾಡನ್ನೇ ವೃತ್ತಿ ಮಾಡಿಕೊಂಡವರು. ಹೀಗೆ ಅವರು ಎರಡು ರೀತಿಯಿಂದಲೂ ದಕ್ಷಿಣದವರು: ಹುಟ್ಟಿನಿಂದ ನಮ್ಮ ದಕ್ಷಿಣದವರು, ಉಚ್ಚಾರದಿಂದ ಅಮೆರಿಕೆಯ ದಕ್ಷಿಣದವರು. ೨೦೨೪ರ ಜುಲೈಯಲ್ಲಿ ಕಲ್ಮಿ ಎಂಬ ಸಂಗೀತಕಾರರೊಡನೆ ಅವರು ಹೊರತಂದ 'ಬಿಗ್ ಡಾಗ್ಸ್' ಎಂಬ ಒಂದೇ ಹಾಡು ಅಮೆರಿಕೆಯ ಬಿಲ್‌ಬೋರ್ಡ್ ನೂರರ ಪಟ್ಟಿಯಲ್ಲಿ ೨೩ನೆಯ ಸ್ಥಾನದವರೆಗೆ ಏರಿತು. ಜಾತ್ರೆಯ ಬಯಲಿನಲ್ಲಿ ಹಲಗೆಯ ಬಾವಿ ಕಟ್ಟಿ, ಅದರ ನೆಟ್ಟನೆಯ ಗೋಡೆಯ ಮೇಲೆ ಮೋಟಾರು ಸೈಕಲ್ಲು ಓಡಿಸುವ ಆಟವನ್ನು ನೀವು ನೋಡಿರುತ್ತೀರಿ. ಅಂಥ ಬಾವಿಯೊಂದರ ತಳದಲ್ಲಿ ನಿಂತು, ತಲೆಯ ಸುತ್ತ ವಾಹನಗಳು ಗಿರಗಿರನೆ ಓಡುತ್ತಿರಲು, ಈ ಮನುಷ್ಯ ಹಾಡುವುದೇ ಆ ಹಾಡಿನ ಚಿತ್ರಿಕೆ. ಇಂಗ್ಲಿಷು ನನಗೆ ಅರೆಬರೆಯಾಗಿ ಹಿಡಿಯಿತು. ದೃಶ್ಯ ಪೂರ್ತಿಯಾಗಿ ಹಿಡಿಯಿತು.

ಆಮೇಲೆ ಬಂದದ್ದು ೨೦೨೫ರ ಮಾರ್ಚಿಯಲ್ಲಿ 'ರನ್ ಇಟ್ ಅಪ್'. ಅದರಲ್ಲಿ ಕೇರಳದ ಚೆಂಡೆಯ ಬಡಿತವೇ ತಾಳ. ದೃಶ್ಯದಲ್ಲಿ ಕಳರಿಪಯಟ್ಟು, ಪಂಜಾಬಿನ ಗತ್ಕಾ, ಮಣಿಪುರದ ಥಾಂಗ್‌ತಾ, ತೆಯ್ಯಂ. ಅದೇ ಜುಲೈಯಲ್ಲಿ 'ಮಾನ್ಸೂನ್ ಸೀಸನ್' ಎಂಬ ಸಂಪುಟ. ಅದಕ್ಕೆ ಅವರು ಮಿಕ್ಸ್‌ಟೇಪ್ ಎಂದು ಹೆಸರಿಟ್ಟರು. ಎಂದರೆ ಒಂದೇ ಯೋಜನೆಯಿಂದ ಕಟ್ಟಿದ ಆಲ್ಬಮ್ ಅಲ್ಲ, ಆಗಾಗ ಕಟ್ಟಿದ ಹಾಡುಗಳ ಸಡಿಲವಾದ ಕಟ್ಟು. ನಮ್ಮ ಕವಿಗಳು ತಮ್ಮ ಪುಸ್ತಕವನ್ನು ಕಾವ್ಯವೆನ್ನದೆ 'ಬಿಡಿ ಹೂಗಳು' ಎಂದು ವಿನಯ ತೋರುವುದಿಲ್ಲವೆ, ಹಾಗೆ. ಆದರೆ ಆ ವಿನಯಕ್ಕೆ ಮಹಡಿಯ ಮೇಲಿನ ನ್ಯಾಯಾಲಯ ಮಣಿಯಲಿಲ್ಲ. ಮೊದಲ ಹಾಡು ಲೋಕವನ್ನೇ ಗೆದ್ದ ಮೇಲೆ ಮುಂದೆ ಬಂದದ್ದೆಲ್ಲವೂ ಎರಡನೆಯ ಪರೀಕ್ಷೆಯೇ.

ಇಲ್ಲಿ ರ‍್ಯಾಪ್ ಎಂದರೇನೆಂದು ನನ್ನ ವಯಸ್ಸಿನವರಿಗಾಗಿ ಸ್ವಲ್ಪ ಹೇಳಬೇಕು. ಅದು ಹಾಡೂ ಅಲ್ಲ, ಮಾತೂ ಅಲ್ಲ. ತಾಳಕ್ಕೆ ಕಟ್ಟಿಹಾಕಿದ ಮಾತು. ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡಾವಣೆಯಲ್ಲಿ ೧೯೭೩ರ ಸುಮಾರಿಗೆ ಕಪ್ಪು ಜನರ ಯುವಕರು ಗ್ರಾಮಫೋನ್ ತಟ್ಟೆಗಳ ತಾಳದ ಭಾಗವನ್ನಷ್ಟೇ ಮತ್ತೆ ಮತ್ತೆ ನುಡಿಸಿ, ಅದರ ಮೇಲೆ ಪ್ರಾಸಬದ್ಧವಾಗಿ ಮಾತಾಡತೊಡಗಿದರು. ಒಂದು ಸಾಲಿಗೆ ನಾಲ್ಕು ಪೆಟ್ಟು. ಒಂದೊಂದು ಪೆಟ್ಟನ್ನೂ ನಾಲ್ಕಾಗಿ ಒಡೆದರೆ ಹದಿನಾರು ಅಂಶ. ಮೊಮ್ಮಗ ಇದನ್ನು ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸಿದಾಗ ನಾನು ನಕ್ಕುಬಿಟ್ಟೆ. ನಾಲ್ಕು ಮಾತ್ರೆಗಳ ನಾಲ್ಕು ಗಣ, ಒಟ್ಟು ಹದಿನಾರು: ನಮ್ಮ ಮಂದಾನಿಲ ರಗಳೆಯ ಸಾಲಿನ ಲೆಕ್ಕ ಅದೇ ತಾನೆ! ಸಾಲುಗಳು ಜೋಡಿಯಾಗಿ ಪ್ರಾಸದಿಂದ ಕೂಡಿಕೊಳ್ಳುವುದೂ ಅದರಂತೆಯೇ. ಹರಿಹರ ಕವಿ ಶರಣರ ಕಥೆಗಳನ್ನು ರಗಳೆಯಲ್ಲಿ ಉಸಿರು ಬಿಡದೆ ಹೇಳಿಕೊಂಡು ಹೋಗುವ ವೇಗವನ್ನು ನೆನೆಸಿಕೊಂಡವರಿಗೆ ಈ ಹುಡುಗರ ಹಾಡು ಪೂರ್ತಿ ಪರಕೀಯವಾಗಿ ತೋರಲಾರದು. ಭೇದವಿರುವುದು ಒಂದು ಕಡೆ: ರಗಳೆಯ ಕವಿ ಗಣವನ್ನು ತುಂಬುತ್ತಾನೆ, ರ‍್ಯಾಪಿನವನು ಬೇಕೆಂದೇ ತಾಳಕ್ಕಿಂತ ಒಂದು ಕೂದಲು ಹಿಂದೆ ಬೀಳುತ್ತಾನೆ, ಇಲ್ಲವೆ ಮುಂದೆ ನುಗ್ಗುತ್ತಾನೆ. ಆ ಎಡವಿದಂತೆ ತೋರಿ ಎಡವದಿರುವ ನಡೆಯಲ್ಲಿ ಅವನ ವ್ಯಕ್ತಿತ್ವವಿದೆ.

ಸವಾಲು ಜವಾಬುಗಳೂ ನಮಗೆ ಹೊಸತಲ್ಲ. ಉತ್ತರ ಕರ್ನಾಟಕದ ಲಾವಣಿಕಾರರಲ್ಲಿ ಹರದೇಶಿ, ನಾಗೇಶಿ ಎಂಬ ಎರಡು ಪಕ್ಷಗಳಿವೆ. ಒಬ್ಬರು ಗಂಡು ಹೆಚ್ಚೆಂದು ಹಾಡಿದರೆ ಇನ್ನೊಬ್ಬರು ಹೆಣ್ಣು ಹೆಚ್ಚೆಂದು ಹಾಡಿ ಎದುರಾಳಿಯ ಬಾಯಿ ಮುಚ್ಚಿಸಬೇಕು. ದಪ್ಪು, ತುಂತುಣಿಗಳ ಬಡಿತದ ನಡುವೆ ರಾತ್ರಿಯೆಲ್ಲ ನಡೆಯುವ ಆ ವಾದದಲ್ಲಿ ತೀರ್ಪುಗಾರರು ಯಾರು? ಎದುರಿಗೆ ಕಂಬಳಿ ಹೊದ್ದು ಕುಳಿತ ಕೇಳುಗರೇ. ಅವರ ಅಭಿಪ್ರಾಯ ಆ ಕ್ಷಣಕ್ಕೇ, ಆ ಜಾಗದಲ್ಲೇ, ಸಿಳ್ಳಿನಿಂದಲೋ ಮೌನದಿಂದಲೋ ಹಾಡುವವನಿಗೆ ಮುಟ್ಟುತ್ತಿತ್ತು. ಮರುದಿನ ರಾತ್ರಿ ಬೇರೊಂದು ಊರು, ಬೇರೊಂದು ಜಯ. ಹೋದ ವರ್ಷದ ಹಾಡಿಗೂ ಈ ವರ್ಷದ ಹಾಡಿಗೂ ತೂಕ ಮಾಡಿ ನೋಡುವ ತಕ್ಕಡಿ ಆ ಕೇಳುಗರ ಬಳಿ ಇರಲಿಲ್ಲ. ಹೋದ ವರ್ಷದ ಹಾಡು ಗಾಳಿಗೆ ಹೋಗಿರುತ್ತಿತ್ತು.

ಆ ತಕ್ಕಡಿಯನ್ನು ನಮ್ಮ ಕೈಗೆ ಕೊಟ್ಟದ್ದು ಧ್ವನಿಮುದ್ರಣ. ೧೯೭೮ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಹೊರಬಂದುದು ಕನ್ನಡ ಭಾವಗೀತೆಯ ಚರಿತ್ರೆಯಲ್ಲಿ ಒಂದು ತಿರುವು. ಅದಕ್ಕೆ ಮುಂಚೆಯೂ ಪಿ. ಕಾಳಿಂಗರಾಯರ ಕಂಠದಲ್ಲಿ ಕವಿತೆಗಳು ಮನೆಮಾತಾಗಿದ್ದವು, ನಿಜ. ಆದರೆ ರೇಡಿಯೊದಲ್ಲಿ ಹಾಡು ಬಂದಾಗ ಬರುತ್ತಿತ್ತು, ನಾವು ಕಾದಿರಬೇಕಾಗಿತ್ತು. ಸುರುಳಿ ಬಂದಮೇಲೆ ಹಾಡು ನಮ್ಮನ್ನು ಕಾಯತೊಡಗಿತು. ನಮ್ಮ ಕೇರಿಯಲ್ಲಿ ಮೊದಲು ಟೇಪ್ ರೆಕಾರ್ಡರು ತಂದವರ ಮನೆಯಲ್ಲಿ ಆ ಒಂದು ಸುರುಳಿಯನ್ನು ಎಷ್ಟು ಬಾರಿ ಹಾಕಿದರೆಂದರೆ, ಕೊನೆಕೊನೆಗೆ ಟೇಪು ಹಿಗ್ಗಿ ಹಾಡು ನೀರಿನೊಳಗಿಂದ ಬಂದಂತೆ ಕೇಳಿಸುತ್ತಿತ್ತು. ಸಿಕ್ಕಿಕೊಂಡಾಗ ಪೆನ್ಸಿಲು ತೂರಿಸಿ ಸುತ್ತುವುದು ಮಕ್ಕಳ ಕೆಲಸ. ಆಮೇಲೆ ಬೇರೆ ಬೇರೆ ಸುರುಳಿಗಳು ಬಂದವು. ಪ್ರತಿಯೊಂದು ಬಂದಾಗಲೂ ಅದೇ ಪಡಸಾಲೆಯಲ್ಲಿ ಅವೇ ಹಿರಿಯರು ಕುಳಿತು ಒಂದೇ ಸಲ ಕೇಳಿ, "ಮೊದಲಿನ ಹಾಗಿಲ್ಲ" ಎಂದು ಕಾಫಿ ಲೋಟ ಕೆಳಗಿಡುತ್ತಿದ್ದರು. ನಾನೂ ಒಬ್ಬ.

ಇದರಲ್ಲೊಂದು ಅನ್ಯಾಯವಿದೆಯೆಂದು ನನಗೆ ಆಗ ಹೊಳೆಯಲಿಲ್ಲ. ಮೊದಲನೆಯದನ್ನು ನಾವು ಯಾವ ನಿರೀಕ್ಷೆಯೂ ಇಲ್ಲದೆ, ಅಕಸ್ಮಾತ್ತಾಗಿ ಕೇಳಿರುತ್ತೇವೆ. ಅನಂತರ ನೂರು ಸಲ ಕೇಳಿರುತ್ತೇವೆ. ಆ ನೂರು ಸಲಗಳಲ್ಲಿ ನಮ್ಮ ಮದುವೆ, ಮೊದಲ ಸಂಬಳ, ತೀರಿಕೊಂಡ ಗೆಳೆಯ, ಮಳೆ ಬಂದ ಸಂಜೆ ಎಲ್ಲವೂ ಆ ಹಾಡಿಗೆ ಅಂಟಿಕೊಂಡಿರುತ್ತವೆ. ಎರಡನೆಯದನ್ನು ಒಂದು ಮುಂಜಾನೆ, ಒಂದೇ ಸಲ, ಮೊದಲನೆಯದನ್ನು ಎದುರಿಗಿಟ್ಟುಕೊಂಡು ಕೇಳುತ್ತೇವೆ. ಒಂದು ಪಾತ್ರೆಯಲ್ಲಿ ಹಾಡಿನ ಜೊತೆಗೆ ನಮ್ಮ ಹತ್ತು ವರ್ಷದ ಬಾಳುವೆಯೂ ತುಂಬಿದೆ. ಇನ್ನೊಂದರಲ್ಲಿ ಬರಿಯ ಹಾಡು. ತೂಕ ಸಮವಾಗುವುದು ಹೇಗೆ? ಇಂದು ಈ ವಿಚಾರಣೆ ಇನ್ನೂ ಬೇಗ ಮುಗಿಯುತ್ತದೆ. ನಡುರಾತ್ರಿ ಬಿಡುಗಡೆಯಾದ ಸಂಪುಟಕ್ಕೆ ಬೆಳಗಿನ ದೋಸೆಯ ಹೊತ್ತಿಗೆ ತೀರ್ಪು ಬಂದಿರುತ್ತದೆ.

ಹಾಗೆಂದು ಕೇಳುಗನಿಗೆ ಅಭಿಪ್ರಾಯ ಹೇಳುವ ಹಕ್ಕಿಲ್ಲವೆಂದು ನಾನು ಹೇಳುತ್ತಿಲ್ಲ. ನಾಡಗೀತೆಯ ಸಂಗತಿಯನ್ನೇ ನೋಡಿ. ಕುವೆಂಪು ಅವರ ಕವಿತೆಯನ್ನು ೨೦೦೪ರಲ್ಲಿ ನಾಡಗೀತೆಯಾಗಿ ಅಂಗೀಕರಿಸಿದ ಮೇಲೆ, ಅದನ್ನು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಬೇಕೋ ಸಿ. ಅಶ್ವತ್ಥರ ಧಾಟಿಯಲ್ಲಿ ಹಾಡಬೇಕೋ ಎಂದು ಕನ್ನಡಿಗರು ಹದಿನೆಂಟು ವರ್ಷ ಚರ್ಚಿಸಿದರು. ೨೦೨೨ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಎರಡೂವರೆ ನಿಮಿಷದ ಮಿತಿಯನ್ನೂ ಗೊತ್ತುಮಾಡಿತು. ಒಂದು ಧಾಟಿಗಾಗಿ ಅಷ್ಟು ವರ್ಷ ವಾದಿಸುವ ಜನ ಸಂಗೀತವನ್ನು ಅಸಡ್ಡೆಯಿಂದ ಕೇಳುವವರಲ್ಲ. ಕನ್ನಡದ ರ‍್ಯಾಪಿನಲ್ಲಿಯೂ ಇಂಥದು ನಡೆದಿದೆ. ಚಂದನ್ ಶೆಟ್ಟಿ ಅವರು ೨೦೨೦ರ ಆಗಸ್ಟಿನಲ್ಲಿ ಮಲೆಮಹದೇಶ್ವರನ ಜನಪದ ಹಾಡೊಂದನ್ನು ಹೊಸ ತಾಳಕ್ಕೆ ಹೊಂದಿಸಿ ಹೊರತಂದಾಗ, ಶರಣೆ ಸಂಕಮ್ಮನನ್ನು ತೋರಿಸಿದ ಬಗೆಗೆ ಭಕ್ತರು ನೊಂದುಕೊಂಡರು. ದೃಶ್ಯವನ್ನು ಹಿಂತೆಗೆದುಕೊಂಡು ಗಾಯಕರು ಕ್ಷಮೆ ಕೋರಿದರು. ಅಲ್ಲಿ ಕೇಳುಗರು ಹೇಳಿದ್ದು 'ಮೊದಲಿನ ಹಾಗಿಲ್ಲ' ಎಂದಲ್ಲ, 'ಇದು ನಿನ್ನದಲ್ಲ, ನಮ್ಮದು' ಎಂದು. ಕಂಸಾಳೆಯವರ ಬಾಯಲ್ಲಿ ತಲೆಮಾರುಗಳಿಂದ ಉಳಿದ ಹಾಡಿನ ವಿಷಯದಲ್ಲಿ ಆ ಮಾತಿಗೆ ತೂಕವಿದೆ. ಆದರೆ ಒಬ್ಬ ತನ್ನ ಬಾಳಿನಿಂದ ತಾನೇ ತೆಗೆದ ಹಾಡಿಗೂ ಅದೇ ಮಾತನ್ನು ಅನ್ವಯಿಸಬಹುದೆ? ಮಹಡಿಯ ಹುಡುಗರು ಅನ್ವಯಿಸುತ್ತಿದ್ದರು. ನಾವು ಕೂಡ ಅನ್ವಯಿಸಿದೆವು, ಅದೂ ಒಬ್ಬ ದೊಡ್ಡ ಕವಿಗೆ.

ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಪ್ರಕಟವಾದದ್ದು ೧೯೪೨ರಲ್ಲಿ. ಅದು ಮದುವೆಯ ಉಡುಗೊರೆಯಾಯಿತು, ಬಾಯಿಪಾಠವಾಯಿತು, ಧ್ವನಿಸುರುಳಿಯಾಯಿತು. ೧೯೯೨ರಲ್ಲಿ ನಾಗಾಭರಣರ ಕೈಯಲ್ಲಿ ಚಲನಚಿತ್ರವೂ ಆಯಿತು. ಕವಿಯಾದರೋ ಅಲ್ಲಿ ನಿಲ್ಲಲಿಲ್ಲ. ೧೯೫೮ರ 'ಶಿಲಾಲತೆ'ಯ ಹೊತ್ತಿಗೆ ಅವರ ದನಿ ಬಿಗಿಯಾಗಿತ್ತು. ದಾಂಪತ್ಯದ ನಗೆಯ ಹಿಂದೆ ನಿಂತಿದ್ದ ನೋವು ಮುಂದೆ ಬಂದಿತ್ತು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆತದ್ದು 'ಮಲ್ಲಿಗೆ'ಗಲ್ಲ, 'ತೆರೆದ ಬಾಗಿಲು' ಎಂಬ ಸಂಗ್ರಹಕ್ಕೆ, ೧೯೭೭ರಲ್ಲಿ. ಆದರೂ ಸಭೆಗಳಲ್ಲಿ ಅವರನ್ನು ಪರಿಚಯಿಸುವಾಗ ನಮ್ಮ ಬಾಯಿಗೆ ಮೊದಲು ಬರುತ್ತಿದ್ದುದು 'ಮಲ್ಲಿಗೆಯ ಕವಿ' ಎಂಬ ಮಾತೇ. ಮೂವತ್ತು ವರ್ಷಗಳಾಚೆಗೂ ಒಬ್ಬ ಮನುಷ್ಯನನ್ನು ಅವನ ಮದುವೆಯ ಫೋಟೋದಿಂದ ಗುರುತಿಸಿದಂತೆ! ಅಡಿಗರ ವಿಷಯದಲ್ಲಿಯೂ ಹೀಗೆಯೇ. ೧೯೪೬ರ 'ಭಾವತರಂಗ'ದ ಇಂಪಿಗೆ ಒಲಿದವರು ೧೯೫೪ರಲ್ಲಿ 'ಚಂಡೆಮದ್ದಳೆ' ಕೇಳಿಸಿದಾಗ ಕಿವಿ ಮುಚ್ಚಿಕೊಂಡರು. ಚೆಂಡೆ ಬಡಿದದ್ದಕ್ಕೆ ಆಕ್ಷೇಪಿಸಿದ ಕೇಳುಗರು ವಿನೋಬನಗರದ ನಮ್ಮ ಮಹಡಿಯವರೇ ಮೊದಲಲ್ಲ, ನೋಡಿ. ಇನ್ನೂ ಹಿಂದಕ್ಕೆ ಹೋದರೆ, ಗೋವಿಂದ ಪೈಗಳು ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಬರೆದಾಗ ಕನ್ನಡ ಕಾವ್ಯವೇ ಕೆಟ್ಟಿತೆಂದು ಕೊರಗಿದ ಪಂಡಿತರಿದ್ದರು.

ಹುಡುಗರ ಎರಡನೆಯ ಆಕ್ಷೇಪ, 'ಹೊರದೇಶದವರಿಗೆ ತೋರಿಸುವುದಕ್ಕೆ' ಎಂಬುದು, ಹೆಚ್ಚು ಗಂಭೀರವಾದುದು. ಅದಕ್ಕೆ ಸರಿಯಾದ ಹಿನ್ನೆಲೆ ಬೇಕಾದರೆ ಹನುಮಾನ್‌ಕೈಂಡ್ ಬೆಳೆದ ಆ ಅಮೆರಿಕೆಯ ದಕ್ಷಿಣಕ್ಕೆ ಹೋಗಬೇಕು. ರ‍್ಯಾಪ್ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, ದೊಡ್ಡದಾದದ್ದು ಅಲ್ಲಿ ಮತ್ತು ಪಶ್ಚಿಮ ಕರಾವಳಿಯಲ್ಲಿ. ದಕ್ಷಿಣದವರ ಎಳೆದಾಡುವ ಉಚ್ಚಾರವೆಂದರೆ ಉತ್ತರದ ನಗರದವರಿಗೆ ಹಳ್ಳಿಗರ ಮಾತು, ನಗೆಯ ವಸ್ತು. ೧೯೯೪ರಲ್ಲಿ ಅಟ್ಲಾಂಟಾ ನಗರದ ಇಬ್ಬರು ತರುಣರು, ಆಂಡ್ರೆ ಬೆಂಜಮಿನ್ ಮತ್ತು ಆಂಟ್ವಾನ್ ಪ್ಯಾಟನ್, 'ಔಟ್‌ಕಾಸ್ಟ್' ಎಂಬ ಹೆಸರಿನಲ್ಲಿ ತಮ್ಮ ಮೊದಲ ಆಲ್ಬಮ್ ತಂದರು. ಔಟ್‌ಕಾಸ್ಟ್ ಎಂದರೆ ಬಹಿಷ್ಕೃತರು. ಹೆಸರಿನಲ್ಲಿಯೇ ಎಲ್ಲವೂ ಇದೆ. ಮರುವರ್ಷ ಆಗಸ್ಟಿನಲ್ಲಿ ನ್ಯೂಯಾರ್ಕಿನ ಒಂದು ಪ್ರಶಸ್ತಿ ಸಮಾರಂಭದಲ್ಲಿ ಹೊಸಬರಿಗೆ ಕೊಡುವ ಬಹುಮಾನ ಅವರಿಗೆ ಬಂದಾಗ ಸಭೆ ಕೂಗಿ ಹೀಯಾಳಿಸಿತು. ಆ ಗದ್ದಲದ ನಡುವೆ ಆಂಡ್ರೆ, ದಕ್ಷಿಣಕ್ಕೂ ಹೇಳುವುದಿದೆ ಎಂಬರ್ಥದ ಮಾತನ್ನು ಆಡಿ ವೇದಿಕೆಯಿಂದ ಇಳಿದರು.

೧೯೯೬ರಲ್ಲಿ ಅವರ ಎರಡನೆಯ ಆಲ್ಬಮ್ ಬಂತು: 'ಎಟಿಲಿಯನ್ಸ್'. ತಮ್ಮ ಊರಿನ ಹೆಸರನ್ನೂ ಅನ್ಯಲೋಕದವರು ಎಂಬ ಪದವನ್ನೂ ಬೆಸೆದ ಶೀರ್ಷಿಕೆ. ನ್ಯೂಯಾರ್ಕಿನವರು ಒಪ್ಪಲೆಂದು ನ್ಯೂಯಾರ್ಕಿನ ದನಿಯಲ್ಲಿ ಹಾಡಬಹುದಾಗಿತ್ತು. ಊರವರು ಮೆಚ್ಚಿದ ಮೊದಲ ಆಲ್ಬಮಿನ ಲವಲವಿಕೆಯನ್ನೇ ಮತ್ತೊಮ್ಮೆ ಉಣಬಡಿಸಬಹುದಾಗಿತ್ತು. ಅವರು ಎರಡನ್ನೂ ಮಾಡಲಿಲ್ಲ. ದನಿಯನ್ನು ಇನ್ನಷ್ಟು ನಿಧಾನ, ಇನ್ನಷ್ಟು ಒಂಟಿಯನ್ನಾಗಿ ಮಾಡಿಕೊಂಡರು: ನೀವು ನಮ್ಮನ್ನು ಹೊರಗಿನವರೆಂದಿರಲ್ಲವೆ, ಸರಿ, ನಾವು ಈ ಭೂಮಿಗೇ ಹೊರಗಿನವರು ಎನ್ನುವಂತೆ. ಆ ಸಂಪುಟ ಅಮೆರಿಕೆಯ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಮುಂದೆ ೨೦೦೪ರಲ್ಲಿ ಅವರ ಬೇರೊಂದು ಸಂಪುಟಕ್ಕೆ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಇದೇ ಕಾಲದಲ್ಲಿ ಹ್ಯೂಸ್ಟನ್ನಿನಲ್ಲಿ ಡಿಜೆ ಸ್ಕ್ರೂ ಎಂಬಾತ ತಟ್ಟೆಗಳ ವೇಗವನ್ನು ತಗ್ಗಿಸಿ, ಕಂಠಗಳನ್ನು ಆಳಕ್ಕಿಳಿಸಿ, ಧ್ವನಿಸುರುಳಿಗಳಿಗೆ ಇಳಿಸಿ ತನ್ನ ಮನೆಯಿಂದಲೇ ಮಾರುತ್ತಿದ್ದ. ನಮ್ಮ ಹಿಗ್ಗಿದ ಟೇಪಿನ ಹಾಡು ಅಲ್ಲಿ ಒಂದು ಶೈಲಿಯೇ ಆಗಿತ್ತೆಂದು ತಿಳಿದು ನನಗೆ ಸೋಜಿಗವಾಯಿತು.

ದಾವಣಗೆರೆಯಲ್ಲಿ ಬಾಳಿದವನಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಊರು ಎರಡು ಕನ್ನಡಗಳ ಗಡಿಯ ಮೇಲೆ ಕುಳಿತಿದೆ. ಬೆಂಗಳೂರಿಗೆ ಹೋದರೆ ನಮ್ಮನ್ನು ಉತ್ತರದವರೆನ್ನುತ್ತಾರೆ, ಹುಬ್ಬಳ್ಳಿಗೆ ಹೋದರೆ ಮೈಸೂರು ಸೀಮೆಯವರೆನ್ನುತ್ತಾರೆ. ಶಿಶುನಾಳ ಶರೀಫರ ಪದಗಳನ್ನು ಸಿ. ಅಶ್ವತ್ಥ್ ಎದೆ ಬಿಚ್ಚಿ ಹಾಡಿದಾಗ, ಭಾವಗೀತೆಯೆಂದರೆ ಮೆಲುದನಿ ಎಂದು ನಂಬಿದ್ದ ನಮ್ಮಲ್ಲಿ ಕೆಲವರಿಗೆ ಅದು ಒರಟೆನಿಸಿತು. ನಮ್ಮ ಮನೆಗೆ ಹಾಲು ಕೊಡುತ್ತಿದ್ದ ಮುದುಕಿಗೆ ಮಾತ್ರ ಹಾಗೆನಿಸಲಿಲ್ಲ. ಆಕೆ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿ ಹೋದಳು. ಮೂಲೆಯ ಹುಡುಗ ಅಂದ 'ನಮ್ಮೂರ ಮಾತ್ನಾಗೆ ಯಾವಾಗ' ಎಂಬ ಮಾತಿಗೆ ಇಷ್ಟೆಲ್ಲ ಹಿಂದಿದೆ. ಆಲ್ ಓಕೆ ಎಂಬ ಹೆಸರಿನ ಅಲೋಕ್ ಮತ್ತು ಚಂದನ್ ಶೆಟ್ಟಿಯಂಥವರಿಂದ ಕನ್ನಡದಲ್ಲಿ ರ‍್ಯಾಪ್ ನೆಲೆಯೂರಿದೆ. ಆದರೆ ಅದರಲ್ಲಿ ಬಹಳ ಮಟ್ಟಿಗೆ ನನಗೆ ಕೇಳಿಸುವುದು ಬೆಂಗಳೂರಿನ ಬೀದಿಯ ಕನ್ನಡ.

ಇನ್ನು ಚೆಂಡೆಯ ಪ್ರಶ್ನೆ. ಆ ಬಡಿತ ತೋರಿಕೆಗೋ, ಒಳಗಿನದೋ? ಮೊಮ್ಮಗನಿಂದ ಆ ಹಾಡನ್ನು ಮೂರು ಸಲ ಹಾಕಿಸಿ ಕೇಳಿದೆ. ಮೊದಲ ಸಲ ನನಗೂ ಅದು ಪ್ರವಾಸೋದ್ಯಮದ ಜಾಹೀರಾತಿನಂತೆ ತೋರಿತು. ದೃಶ್ಯದಲ್ಲಿ ಇಷ್ಟು ನಾಡುಗಳ ಕಲೆಗಳನ್ನು ಒಟ್ಟಿಗ್ ತುರುಕಬಾರದಾಗಿತ್ತೆಂದು ಈಗಲೂ ಅನಿಸುತ್ತದೆ. ಮೂರನೆಯ ಸಲ ಕಣ್ಣು ಮುಚ್ಚಿ ಕೇಳಿದೆ. ಚೆಂಡೆ ಅಲ್ಲಿ ಅಲಂಕಾರವಾಗಿರಲಿಲ್ಲ. ಮಾತು ಅದರ ಉರುಳಿಕೆಯ ಮೇಲೆ ಕಾಲಿಟ್ಟು ನಡೆಯುತ್ತಿತ್ತು. ಅದನ್ನು ತೆಗೆದರೆ ಮಾತೂ ಬೀಳುತ್ತಿತ್ತು. ಹ್ಯೂಸ್ಟನ್ನಿನ ಉಚ್ಚಾರ ಮಲಪ್ಪುರದ ತಾಳದ ಮೇಲೆ ನಡೆಯಲು ಕಲಿಯುತ್ತಿರುವ ಹಾಗೆ, ಒಂದೊಂದು ಕಡೆ ತಡವರಿಸಿದ ಹಾಗೆ ನನಗೆ ಕೇಳಿಸಿತು. 'ಬಿಗ್ ಡಾಗ್ಸ್'ನಲ್ಲಿ ತಡವರಿಕೆ ಎಲ್ಲಿಯೂ ಇಲ್ಲ. ಆದರೆ ತಡವರಿಕೆಯಿರುವ ಎರಡನೆಯದು ನನಗೆ ಹೆಚ್ಚು ಹತ್ತಿರವಾಯಿತು. ಇದನ್ನು ಹೇಳಿದಾಗ ಹುಡುಗರು ಮುಖ ಮುಖ ನೋಡಿಕೊಂಡರು. "ಅಜ್ಜಾ, ಒಂದ್ಸಲ ಕೇಳಿದ್ರೆ ನಿಂಗೂ ಹಂಗೇ ಅನ್ಸಿತ್ತಲ್ಲ?" ಎಂದಳು ಮೊಮ್ಮಗಳು. ಹೌದು, ಅನಿಸಿತ್ತು. ಮೂರು ಸಲ ಕೇಳುವ ಬುದ್ಧಿ ಬರಲು ನನಗೆ ನಲವತ್ತು ವರ್ಷ ಬೇಕಾಯಿತು.

ಆ ಸಂಗತಿಗೆ ಈಗ ಬರಬೇಕು. ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ದುಡಿಯುತ್ತಿದ್ದ ಒಬ್ಬ ತರುಣ ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಕವನ ಸಂಕಲನ ಪ್ರಕಟಿಸಿದರು. ತುಂಗಭದ್ರೆಯ ಹೊಳೆದಂಡೆ, ತಾಯಿ, ಹರಿಹರೇಶ್ವರನ ಗುಡಿಯ ನೆರಳು: ಮೃದುವಾದ, ಒಪ್ಪವಾದ ಕವನಗಳು. ನಾನು ಮೆಚ್ಚಿ ಬರೆದೆ. ಅವರು ಸೈಕಲ್ಲಿನಲ್ಲಿ ಹರಿಹರದಿಂದ ನಮ್ಮ ಮನೆಯವರೆಗೆ ಬಂದು ಧನ್ಯವಾದ ಹೇಳಿ ಹೋದರು. ಐದಾರು ವರ್ಷಗಳ ಬಳಿಕ ಎರಡನೆಯ ಸಂಕಲನ ಬಂತು. ಅದರಲ್ಲಿ ಹೊಳೆಯಿರಲಿಲ್ಲ. ಯಂತ್ರ, ಪಾಳಿಯ ಸೈರನ್ನು, ಕಬ್ಬಿಣದ ಪುಡಿ, ಊಟದ ಡಬ್ಬಿ, ಕ್ಯಾಂಟೀನಿನ ಬೈಗುಳ. ಕಡಿದು ಕಡಿದು ಬೀಳುವ ಸಾಲುಗಳು, ಸಾಲಿನ ನಡುವೆ ಬಂದು ಬಡಿಯುವ ಪ್ರಾಸಗಳು, ಗ್ರಂಥಸ್ಥವಾಗದ ಆ ಭಾಗದ ಆಡುಮಾತು. ನಾನು ಒಂದು ಸಲ ಓದಿದೆ. ಜಿಲ್ಲೆಯ ಒಂದು ಪತ್ರಿಕೆಗೆ, ಇದರಲ್ಲಿ ಮೊದಲ ಸಂಕಲನದ ಗಂಧವಿಲ್ಲ, ಇದು ಕಾವ್ಯವಲ್ಲ ಗದ್ದಲ ಎಂದು ಬರೆದುಕೊಟ್ಟೆ. ಆ ವಾಕ್ಯ ಚೆನ್ನಾಗಿದೆಯೆಂದು ಗೆಳೆಯರು ಹೊಗಳಿದರು. ಸೈಕಲ್ಲು ಮತ್ತೆ ನಮ್ಮ ಮನೆಯ ಮುಂದೆ ನಿಲ್ಲಲಿಲ್ಲ. ಮೂರನೆಯ ಸಂಕಲನವೂ ಬರಲಿಲ್ಲ. ಅವರು ಬರೆಯುವುದನ್ನು ಬಿಟ್ಟದ್ದಕ್ಕೆ ನನ್ನ ವಾಕ್ಯವೇ ಕಾರಣವೆಂದು ಭಾವಿಸುವುದು ನನ್ನ ಅಹಂಕಾರವೂ ಇರಬಹುದು. ಬದುಕಿನಲ್ಲಿ ಬೇರೆ ಕಾರಣಗಳು ಸಾಕಷ್ಟಿರುತ್ತವೆ. ಆದರೂ ಆ ವಾಕ್ಯ ನನಗೆ ಇಂದಿಗೂ ಬಾಯಿಪಾಠವಿದೆ.

ಆ ಸಂಜೆ ಹುಡುಗರು ಇಳಿದು ಹೋದಮೇಲೆ ಬೀರು ತೆಗೆಸಿ ಆ ಎರಡನೆಯ ಪುಸ್ತಕವನ್ನು ಹುಡುಕಿಸಿದೆ. ತೆಳುವಾದ, ಅಂಚು ಹಳದಿಯಾದ ಪುಸ್ತಕ. ಓದಬೇಡ, ಹೇಳು ಎಂದು ಮೊಮ್ಮಗನ ಕೈಗೆ ಕೊಟ್ಟೆ. ಅವನು ಮೊದಲು ಎಡವಿದ. ಆಮೇಲೆ ಎಡಗೈ ಬೆರಳಿನಿಂದ ಮೇಜಿನ ಮೇಲೆ ನಾಲ್ಕರ ಪೆಟ್ಟು ಹಾಕಿಕೊಂಡು ಮತ್ತೆ ಶುರುಮಾಡಿದ. ನಾನು ಕಡಿದು ಬಿದ್ದಿವೆ ಎಂದುಕೊಂಡಿದ್ದ ಸಾಲುಗಳು ಕಡಿದಿರಲಿಲ್ಲ. ಅಲ್ಲಿ ಯಂತ್ರ ಒಂದು ಸುತ್ತು ತಿರುಗಿ ಬರುವಷ್ಟು ಬಿಡುವಿತ್ತು. ನಡುವೆ ಬಂದು ಬಡಿಯುತ್ತಿದ್ದ ಪ್ರಾಸ ಸರಿಯಾಗಿ ಪೆಟ್ಟಿನ ಮೇಲೆ ಬೀಳುತ್ತಿತ್ತು. ಕಣ್ಣಿನಿಂದ ಓದಿದವನಿಗೆ ಗದ್ದಲವಾಗಿದ್ದದ್ದು ಕಿವಿಗೆ ತಾಳವಾಗಿತ್ತು. ಅದನ್ನು ಬರೆದವರು ದಿನಕ್ಕೆ ಎಂಟು ತಾಸು ಆ ಸದ್ದಿನೊಳಗೆ ನಿಂತಿದ್ದವರು. ನಾನು ಬೀಸಣಿಗೆಯ ಕೆಳಗೆ ಕುಳಿತು ಅದನ್ನು ಓದಿದವನು. "ಇದು ಯಾರ್ ಬರ್ದಿದ್ದಜ್ಜಾ? ಇವ್ರು ಈಗ ಎಲ್ಲಿದಾರೆ?" ಎಂದು ಅವನು ಕೇಳಿದ. ಮೂಲೆಯ ಹುಡುಗ ಕೇಳಿದ್ದ 'ನಮ್ಮೂರ ಮಾತ್ನಾಗೆ' ಎಂಬುದು ನಲವತ್ತು ವರ್ಷ ಅವನ ತಲೆಯ ಮೇಲಿನ ಬೀರುವಿನಲ್ಲಿಯೇ ಇತ್ತು.

ಹರಿಹರದ ಹಳೆಯ ವಿದ್ಯಾರ್ಥಿಯೊಬ್ಬರ ಮೂಲಕ ಫೋನಿನ ಸಂಖ್ಯೆ ದೊರೆಯಿತು. ಎರಡು ದಿನ ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಾಡಿದೆ. ಕೊನೆಗೆ ಮೊಮ್ಮಗನೇ ಒತ್ತಿ ನನ್ನ ಕಿವಿಗೆ ಹಿಡಿದ. ಹೆಸರು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನಾನು ಕ್ಷಮೆಯ ಮಾತಿಗೆ ಮೊದಲುಮಾಡಿದ್ದೆ. ಅವರು ತಡೆದು, ಆರೋಗ್ಯ ಹೇಗಿದೆ ಮೇಷ್ಟ್ರೇ ಎಂದರು. ಹುಡುಗರು ನಿಮ್ಮ ಎರಡನೆಯ ಪುಸ್ತಕವನ್ನು ತಾಳಕ್ಕೆ ಹೇಳುತ್ತಿದ್ದಾರೆ, ಕೇಳಲು ಬರುತ್ತೀರಾ, ಇಲ್ಲವೆ ನಾವೇ ಬರೋಣವೇ ಎಂದೆ. ಮತ್ತೆ ಮೌನ.

"ಬರ್ಲಿ, ಬರ್ಲಿ," ಎಂದರು. "ಅದ್ರಾಗೆ ಹದಿನೇಳನೇ ಪುಟದಾಗೆ ಒಂದು ಅಚ್ಚಿನ ತಪ್ಪೈತೆ ಮೇಷ್ಟ್ರೇ. ಮೂರನೇ ಸಾಲಿನಾಗೆ ಒಂದು ಅಕ್ಷರ ಬಿಟ್ಟೋಗೈತೆ, ಅಲ್ಲಿ ಪೆಟ್ಟು ತಪ್ಪುತ್ತೆ. ಹುಡುಗ್ರಿಗೆ ತಿದ್ದಿಕೊಂಡು ಹೇಳಾಕೆ ಹೇಳ್ರಿ."